ಶೇವಂತಿಯ ಎರಡನೆಯ ನುಡಿ

ಸದಾಶಿವನಗರ, ಬೆಳಗಾವಿ
೧೭ ಫೆಬ್ರವರಿ ೧೯೮೫

ಪ್ರೀತಿಯ ಯಜಮಾನರಿಗೆ,

ರಾಜಮತಿಯ ನಮಸ್ಕಾರ. ಉತ್ತರ ತಡವಾಯಿತು. ನನ್ನ ತಮ್ಮ ಉತ್ತಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಖಾನಾಪುರಕ್ಕೆ ಹೋಗಿದ್ದೆ, ಬಂದಮೇಲೆ ಅತ್ತೆಯವರ ಮೊಣಕಾಲು ನೋವು, ಹೀಗೆ ನೆಪ ಹೇಳಬಹುದು. ಖರೇ ಹೇಳುವುದಾದರೆ, ನೀವು ಕೇಳಿದ್ದನ್ನು ಕೊಡಲೋ ಬೇಡವೋ ಎಂದು ತಿಳಿಯದೆ ಪೆನ್ನನ್ನೇ ಮುಟ್ಟಲಿಲ್ಲ. ಸಿಟ್ಟಾಗಬೇಡಿ.

ಮೊದಲು ಸಂತೋಷದ ಸುದ್ದಿ. ನಿಮ್ಮ ಕ್ಯಾಸೆಟ್ ಖಡೇಬಜಾರಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿದೆ. ಮೇಲೆ ನಿಮ್ಮ ಫೋಟೊ. ಆ ಮೀಸೆ ಯಾರು ತಿದ್ದಿದರೋ, ನಮ್ಮ ಮನೆಯ ಗಂಡಸು ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕೆಳಗೆ ‘ಸಾಹಿತ್ಯ, ಸಂಗೀತ, ಗಾಯನ: ಪದ್ಮಾಕರ’. ಅತ್ತೆಯವರು ಅದನ್ನು ದೇವರ ಮುಂದಿಟ್ಟು, “ಇಷ್ಟ ದಿನಾ ಮಂದೀ ಗಂಟಲಾ ತಿದ್ದಿದ. ಈಗರೆ ತನ್ನ ಗಂಟಲಾ ಹೊರಗ ತಗದಾನ ನೋಡ ನನ್ನ ಮಗಾ” ಎಂದು ಅತ್ತರು. ನಾನೂ ಅತ್ತೆ. ಇಲ್ಲಿ ಕ್ಯಾಂಪ್ ಪ್ರದೇಶದ ಲಗ್ನದ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ಹೊತ್ತು ನಿಲ್ಲುತ್ತಿದ್ದಾಗ ಈ ಊರಿಗೆ ನೀವು ಹಿತ್ತಲ ಗಿಡ. ಮುಂಬಯಿಗೆ ಹೋದ ಮೇಲೂ ಹಾಡು ಬರೆದವರು ನೀವು, ಅದಕ್ಕೆ ಧಾಟಿ ಕೂಡಿಸಿ ಚಾಲು ಹಚ್ಚಿದವರು ನೀವು, ಸ್ಟುಡಿಯೋದ ಗಾಜಿನ ಆಚೆ ಕೂತು ಒಬ್ಬೊಬ್ಬರ ತಪ್ಪು ತಿದ್ದಿ ರೆಕಾರ್ಡು ಮಾಡಿಸಿದವರು ನೀವು. ಶಾಲು ಹೊದ್ದವರು ಬೇರೆ. ಈಗ ನಿಮ್ಮದೇ ದನಿ ನಿಮ್ಮದೇ ಹೆಸರಿನಲ್ಲಿ ಬಂದಿದೆ. ನನಗೆ ಹೆಮ್ಮೆಯಿಲ್ಲ ಎಂದರೆ ಸುಳ್ಳಾದೀತು.

ಆದರೆ ಎಂಟು ಹಾಡುಗಳಲ್ಲಿ ಊರು ಹಿಡಿದುಕೊಂಡದ್ದು ಒಂದನ್ನೇ. ನಮ್ಮ ಮಗುವಿನ ಹೆಸರಿನದನ್ನು.

ಜವಳ ತೆಗೆಸಿದ ಮೇಲೆ ಅವಳ ತಲೆ ಸವರುತ್ತ ನಾನು ಕಟ್ಟಿದ ಜೋಗುಳ ಅದು. ‘ಬೋಳ ತಲಿಗೆ ಯಾವ ಹೂ ಮುಡಸಲಿ, ಹೇಳ ನನ್ನ ಶೇವಂತಿ.’ ನೀವು ಪಕ್ಕದಲ್ಲಿ ಕೂತು ಮೆಲ್ಲಗೆ ಅಕಾರ್ಡಿಯನ್ ನುಡಿಸುತ್ತಿದ್ದಿರಿ, ಅವಳು ನಿಮ್ಮ ಬೆರಳು ಹಿಡಿಯಲು ಬರುತ್ತಿದ್ದಳು. ಕ್ಯಾಸೆಟ್ಟಿನಲ್ಲಿ ‘ಬೋಳ ತಲಿ’ ಹೋಗಿ ‘ನೀಳ ಜಡಿ’ ಬಂದಿದೆ. ಗಿಟಾರು, ಡ್ರಮ್ಮು ಸೇರಿ ಪ್ರೇಮಗೀತೆಯಾಗಿದೆ. ಮೊದಲ ಸಲ ಕೇಳಿದಾಗ ಮೈಯೆಲ್ಲ ಉರಿಯಿತು. ಎರಡನೆಯ ಸಲ ಆ ಜಡೆ ಕಣ್ಣಿಗೆ ಕಟ್ಟಿತು. ಇದ್ದಿದ್ದರೆ ಈಗ ಎರಡು ಜಡೆ ಹಾಕಿಸಿಕೊಂಡು ಸಾಲಿಗೆ ಹೋಗುತ್ತಿದ್ದಳು.

ಮನೆಯಲ್ಲಿ ಏಳು ವರ್ಷದಿಂದ ಯಾರೂ ಆ ಹೆಸರು ಎತ್ತಿಲ್ಲ. ಅತ್ತೆಯವರು ಪೂಜೆಗೆ ಆ ಹೂ ತರುವಾಗಲೂ ‘ಹಳದಿ ಹೂವು’ ಎನ್ನುತ್ತಾರೆ. ಈಗ ಕಾಲೇಜಿನ ಹುಡುಗರು ಹುಡುಗಿಯರ ಹಿಂದೆ ‘ಶೇವಂತಿ’ ಎಂದು ಸಿಳ್ಳೆ ಹಾಕುತ್ತಾರೆ. ಮೊನ್ನೆ ಆಟೊ ಹತ್ತಿದರೆ ಅಲ್ಲೂ ಅದೇ. ಓಡಿಸುವಾತ ತಿರುಗಿ, “ಅಕ್ಕಾರ, ಕೇಳೀರೇನ್ರಿ ಇದನ್ನ? ನಮ್ಮ ಬೆಳಗಾವ್ಯಾಂವನ ಹಾಡ್ಯಾನಂತ. ಅವನ ಶೇವಂತಿ ಯಾರರೆ ಇರಬಕಂತೀನಿ!” ಎಂದು ನಕ್ಕ. ದಾರಿಯಲ್ಲೇ ಇಳಿದು ನಡೆದು ಬಂದೆ.

ಖಾನಾಪುರದಲ್ಲಿ ಆದದ್ದನ್ನೂ ಕೇಳಿ. ಉತ್ತಮನ ಹೆಂಡತಿ ಕಾಂತಾ ನಿನ್ನೆ ಮೊನ್ನೆ ಬಂದ ಹುಡುಗಿ, ಅವಳಿಗೆ ನಮ್ಮ ಮನೆಯ ಹಳೆಯ ಮಾತು ಯಾರೂ ಹೇಳಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ, “ಅಕ್ಕಾರ, ಮಾಮಾರ ಹಾಡು ಹಚ್ಚೂಣೇನ್ರಿ?” ಎಂದು ಟೇಪ್ ರೆಕಾರ್ಡರ್ ತಂದಳು. ನನ್ನ ಅವ್ವ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಕಾಂತಾ ಹಾಡು ಹಚ್ಚಿದಳು. ಬಾಜು ಮನೆಯ ಮರಾಠಿ ಅಜ್ಜಿ ತಲೆದೂಗಿ, “ಶಬ್ದ ನನಗ ತಿಳಿಯಂಗಿಲ್ಲ ಬಾಳಾ, ಖರೇ ಚಾಲ ಮಾತ್ರ ಕೂಸಿಂದ ಐತಿ” ಎಂದು ತನ್ನ ಮರಾಠಿಯಲ್ಲೇ ಅಂದಳು. ಅಷ್ಟು ಡ್ರಮ್ಮುಗಳ ನಡುವೆಯೂ ಉತ್ತಮನ ಮಗಳು ನಿದ್ದೆ ಹೋದಳು, ನೋಡಿ.

ಇನ್ನು ನೀವು ಕೇಳಿದ್ದು. ಕ್ಯಾಸೆಟ್ ಕಂಪನಿಯವರು ಆ ಹಾಡನ್ನೇ ದೊಡ್ಡದು ಮಾಡಿ ಮರಾಠಿಯಲ್ಲೂ ತರುತ್ತಾರೆ, ಒಂದೇ ನುಡಿಯನ್ನು ಎರಡು ಸಲ ಹಾಡಿದ್ದಕ್ಕೆ ಕೇಳಿದವರು ಮುಂದಿನ ನುಡಿ ಏನು ಎನ್ನುತ್ತಾರೆ ಎಂದು ಬರೆದಿದ್ದೀರಿ. ‘ಎರಡನೆಯ ನುಡಿ ಇದ್ದದ್ದು ನಮ್ಮವ್ವ ಹೇಳಿದ್ದಳು, ನನಗೆ ಮರೆತುಹೋಗಿದೆ, ನೆನಪಿದ್ದಷ್ಟು ಬರೆದು ಕಳಿಸು’ ಎಂದಿದ್ದೀರಿ. ನಿಮ್ಮ ಹಾಡು ಬೆಳೆಯಲಿ ಎಂದು ಒಂದು ಮನಸ್ಸು. ಇಷ್ಟಾದರೂ ನನ್ನ ಹತ್ತಿರ ಉಳಿಯಲಿ ಎಂದು ಇನ್ನೊಂದು. ಮನೆ ಗೆದ್ದು ಮಾರು ಗೆಲ್ಲಬೇಕು ಎನ್ನುತ್ತಾರೆ. ನೀವು ಮಾರು ಗೆದ್ದಿರಿ, ಅದಕ್ಕೆ ಮನೆಯ ತೊಟ್ಟಿಲು ಹೊರಗೆ ಬಂತು. ಕೇಳಿ ತೆಗೆದುಕೊಂಡಿದ್ದರೆ ಕೊಡುತ್ತಿದ್ದೆನೋ ಏನೋ, ನನಗೇ ಗೊತ್ತಿಲ್ಲ.

ಮುಂಬಯಿಯ ನೀರು ನಿಮ್ಮ ಗಂಟಲಿಗೆ ಆಗುವುದಿಲ್ಲ, ಕುದಿಸಿಯೇ ಕುಡಿಯಿರಿ. ಅತ್ತೆಯವರು ನಿಮಗೆ ನೂರು ವರ್ಷ ಆಯುಷ್ಯ ಬೇಡಿಕೊಂಡಿದ್ದಾರೆ. ನಿಮ್ಮ ದನಿಗೆ ಯಾರ ದೃಷ್ಟಿಯೂ ತಾಗದಿರಲಿ, ನನ್ನದೂ ತಾಗದಿರಲಿ.

ನಿಮ್ಮ
ರಾಜಮತಿ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ನೀವು ಆ ನುಡಿಯನ್ನು ಮರೆತಿಲ್ಲ, ಕೇಳಿಯೇ ಇಲ್ಲ. ನೀವು ಮುಂಬಯಿಯಲ್ಲಿ ಮೊದಲ ರೆಕಾರ್ಡಿಂಗಿಗೆ ನಿಂತಿದ್ದಿರಿ, ಮಗುವಿನ ಜ್ವರದ ಸುದ್ದಿಯ ತಾರು ನಿಮ್ಮ ಕೈಗೆ ತಡವಾಗಿ ಸಿಕ್ಕಿತೆಂದು ಬಲ್ಲೆ. ಆಸ್ಪತ್ರೆಯಲ್ಲಿ ಜ್ವರದ ನಡುವೆ ಅವಳು ‘ಅಪ್ಪಾ, ಅಪ್ಪಾ’ ಎಂದು ಹಲುಬುತ್ತಿದ್ದಾಗ ಸುಮ್ಮನಾಗಿಸಲು ಕಟ್ಟಿದೆ: ‘ಅಪ್ಪ ಬಂದಾನ, ಗಾಡಿ ಇಳದಾನ, ಬಾಗಲಾ ನೋಡ ಶೇವಂತಿ.’ ಅವಳು ನನ್ನ ಮಾತು ನಂಬಿ ಬಾಗಿಲ ಕಡೆ ಮುಖ ಮಾಡಿಯೇ ಹೋದಳು. ಇದನ್ನು ಯಾವ ತಾಳದಲ್ಲಿ ಹಾಡುತ್ತೀರಿ?