ಮೊಸಳೆ ಮೊಟ್ಟೆಗಳಿಗೂ ಉಳಿತಾಯದ ಆದೇಶ

ಸಮಸ್ತ ಸರಕಾರಿ ಕೋಣೆಗಳ ತಾಪಮಾನಾಧಿಪತಿಗಳೂ, ಸಕಲ ಹೀಟರ್ ಬೀಗದಕೈಗಳ ಏಕೈಕ ಒಡೆಯರೂ, ವನ್ಯಜೀವಿ ಕಚೇರಿಯ ಉನ್ನತಾಸನವನ್ನು ಸದಾ ಬೆಚ್ಚಗಿಟ್ಟವರೂ ಆದ ಮಹಾಮಾನ್ಯ ಮುಖ್ಯಾಧಿಕಾರಿಗಳೇ,

ಈ ಸಲ ಒಂದೂ ಗಂಡು ಮರಿ ಏಕೆ ಹುಟ್ಟಲಿಲ್ಲವೆಂದು ನಮ್ಮ ಅಕ್ಕನಿಗೆ ಕಾರಣ ಕೇಳಿ ನೋಟಿಸ್ ಕಳಿಸಿದ್ದೀರಿ. ಈಗಿರುವ ಮೊಟ್ಟೆಗಳೂ ಹೀಗೇ ಒಡೆದರೆ ಕೆಲಸದಿಂದ ತೆಗೆಯುತ್ತೀರಂತೆ. ಅಕ್ಕ ಮೊಸಳೆ ಮರಿ ಮಾಡಿಸುವ ಕೇಂದ್ರದ ಉಸ್ತುವಾರಿ ಮಾತ್ರ, ಮೊಟ್ಟೆ ಇಟ್ಟವಳಲ್ಲ. ಹೆಣ್ಣು ಹುಟ್ಟಿದ್ದಕ್ಕೆ ಹೆಣ್ಣನ್ನೇ ಹೊಣೆ ಮಾಡುವ ಹಳೇ ಚಾಳಿಯನ್ನು ಸರೀಸೃಪಗಳವರೆಗೂ ವಿಸ್ತರಿಸಿದ ನಿಮ್ಮ ವಿಶಾಲ ಮನಸ್ಸಿಗೆ ಅಡ್ಡಬಿದ್ದೆ.

ತಮಗೆ ತಿಳಿಯದ್ದೇನಿದೆ? ಆದರೂ ಅರಿಕೆ ಮಾಡುತ್ತೇನೆ. ಮೊಸಳೆಯಲ್ಲಿ ಗಂಡೋ ಹೆಣ್ಣೋ ಎಂಬುದನ್ನು ತಾಯಿಯೂ ನಿರ್ಧರಿಸುವುದಿಲ್ಲ, ತಂದೆಯೂ ನಿರ್ಧರಿಸುವುದಿಲ್ಲ. ಮೊಟ್ಟೆಗೆ ತಾಗುವ ಬಿಸಿ ನಿರ್ಧರಿಸುತ್ತದೆ. ಮೂವತ್ತೆರಡು ಡಿಗ್ರಿಯ ಆಸುಪಾಸಿನಲ್ಲಿ ಗಂಡು, ತಣ್ಣಗಾದರೆ ಹೆಣ್ಣು. ಅಕ್ಕ ಮೂವತ್ತೆರಡರಲ್ಲೇ ಇಟ್ಟಿದ್ದಳು. ಅಷ್ಟರಲ್ಲಿ ಬಂತು ತಮ್ಮ ಆದೇಶ: ವಿದ್ಯುತ್ ಉಳಿತಾಯಕ್ಕಾಗಿ ಎಲ್ಲ ಕೋಣೆಗಳ ಹೀಟರನ್ನೂ ಮೂರು ಡಿಗ್ರಿ ಇಳಿಸತಕ್ಕದ್ದು. ಇಳಿಸಿ, ಹೀಟರಿನ ಗುಂಡಿಗಳ ಮೇಲೆ ಡಬ್ಬಿ ಕೂರಿಸಿ, ಬೀಗ ಜಡಿದು, ಬೀಗದಕೈ ಜೇಬಿಗಿಳಿಸಿ ಹೋದಿರಿ. ಗುಮಾಸ್ತರ ಕೋಣೆಗೂ ಅದೇ ನ್ಯಾಯ, ಗರ್ಭಗುಡಿಯಂಥ ಮೊಟ್ಟೆ ಕೋಣೆಗೂ ಅದೇ ನ್ಯಾಯ. ಸಮಾನತೆ ಎಂದರೆ ಇದಲ್ಲವೇ?

ಅಕ್ಕ ತಮ್ಮ ಕಚೇರಿಗೆ ಫೋನ್ ಮಾಡಿದಳು. ಅಲ್ಲಿಯ ಮಹನೀಯರೊಬ್ಬರು, "ಮೊಸಳೆಗೆ ಅಂತ ಬೇರೆ ರೂಲ್ಸ್ ಇಲ್ಲ ಮೇಡಂ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಕ್ಕೆ ಹೇಳಿ" ಎಂದರು.

"ಯಾರಿಗೆ ಹೇಳ್ಲಿ?"

"ಮೊಟ್ಟೆಗಳಿಗೇ."

ಹೇಳಿ ನೋಡಿದೆವು. ಕೇಳಲಿಲ್ಲ. ಕೊಳದಲ್ಲಿ ಉಳಿದಿರುವ ಒಂದೇ ಒಂದು ಗಂಡು ಮೊಸಳೆಗೆ ವಯಸ್ಸಾಗಿದೆ, ಕಣ್ಣು ಮಂಜು. ಮೊನ್ನೆ ಮರದ ದಿಮ್ಮಿಯೊಂದರ ಜೊತೆ ಸರಸಕ್ಕಿಳಿದಿತ್ತು. ಅದೂ ಕಣ್ಮುಚ್ಚಿದರೆ ಮುಂದಿನ ಸಂತಾನಕ್ಕೆ ತಾವು ಉಳಿಸಿದ ವಿದ್ಯುತ್ತನ್ನೇ ಕೊಳಕ್ಕೆ ಬಿಡೋಣವೇ?

ಆದ್ದರಿಂದ ನೋಟಿಸ್ ಹಿಂಪಡೆಯಿರಿ, ಬೀಗದಕೈ ಕಳಿಸಿಕೊಡಿ. ಇವತ್ತೇ ಕಳಿಸಿದರೆ ಉತ್ತಮ.

ಏಕಿಷ್ಟು ಅವಸರವೆಂದರೆ, ಅಕ್ಕನಿಗೆ ಉಪಕಾರ ಮಾಡಲು ಹೋಗಿ ನಾನು ಹೀಟರಿನ ಬಿಸಿ ಅಳೆಯುವ ಸೆನ್ಸರಿಗೆ ಗುಟ್ಟಾಗಿ ಐಸ್ ಚೀಲ ಕಟ್ಟಿದ್ದೆ. ಚಳಿಯೆಂದು ನಂಬಿದ ಹೀಟರ್ ಮೈಮರೆತು ಉರಿಯಿತು. ಚೀಲ ಬಿಚ್ಚಿದರೆ ಮತ್ತೆ ತಮ್ಮ ಚಳಿಯೇ. ಈಗಷ್ಟೇ ಅಕ್ಕ ಒಳಗಿನಿಂದ ಕೂಗಿದಳು: "ಏ ಕೋತಿ, ಮೂವತ್ನಾಲ್ಕು ದಾಟಿದೆ! ಅತಿ ಬಿಸಿ ಆದ್ರೂ ಹೆಣ್ಣೇ ಆಗೋದು ಕಣೋ!"

ಇಂತಿ, ತಮ್ಮಷ್ಟೇ ತಿಳಿದವನಾದ,
ಉಸ್ತುವಾರಿಯ ತಮ್ಮ