ಕಟ್ ಮಾಡಿದ ಫೋನು

ನವೆಂಬರ್ 11, ಮಂಗಳವಾರ

ಬೈಲಹೊಂಗಲ–ರಾಮದುರ್ಗ, ಎರಡನೇ ಟ್ರಿಪ್. ಮುರಗೋಡದಲ್ಲಿ ಜನ ನುಗ್ಗಿದರು. ಹೆಣ್ಣುಮಕ್ಕಳೆಲ್ಲ ಆಧಾರ್ ಕಾರ್ಡ್ ಹಿಡಿದು ನಿಂತಿದ್ದಾರೆ — ಒಬ್ಬಳಿಗೆ ಪುಕ್ಕಟೆ ಪ್ರಯಾಣದ ಜೀರೋ ಟಿಕೆಟ್ ಹರಿಯದಿದ್ದರೂ ಚೆಕಿಂಗ್‌ನವರ ಬಾಯಿಗೆ ಬೀಳುವವಳು ಕಂಡಕ್ಟರ್, ಅಂದರೆ ನಾನು. ಅದೇ ಹೊತ್ತಿಗೆ ಶೀತಲ್ ಫೋನು. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್. ಎಂಟನೇ ಕ್ಲಾಸಾದರೂ ಮಗಳದು ದಿನಾ ಒಂದು ದೂರು — ಚಾರ್ಜರ್ ಸಿಗುತ್ತಿಲ್ಲ, ಅಜ್ಜಿ ಟಿವಿ ಬಿಡುತ್ತಿಲ್ಲ. ಅದೇ ಇರಬೇಕೆಂದುಕೊಂಡೆ.

ರಾಮದುರ್ಗ ಸ್ಟ್ಯಾಂಡಿನಲ್ಲಿ ಚಹಾ ಹಿಡಿದಾಗ ಅತ್ತೆಯ ಫೋನು.

"ಮೀನಾ, ಕೂಸು ದೊಡ್ಡಾಕಿ ಆಗ್ಯಾಳ. ಹೊಟ್ಟಿ ನೋವಂತ ಸಾಲಿ ಬಿಟ್ಟು ಬಂದಿದ್ಲಂತ. ನಾ ಹೊಲದಾಗ ಇದ್ನಿ, ಮನ್ಯಾಗ ಒಬ್ಬಾಕೀನ... ನಿನಗ ಫೋನ್ ಹಚ್ಚಿದ್ಲಂತ, ನೀ ಎತ್ತಲಿಲ್ಲಂತ."

ಚಹಾ ಹಾಗೇ ಇಟ್ಟೆ.

ಮನೆ ಮುಟ್ಟಿದಾಗ ಮೂಲೆಯಲ್ಲಿ ಚಾಪೆ ಮೇಲೆ ಕುಳಿತಿದ್ದಳು. "ಹೆದರಿದೇನವ್ವಾ?" ಎಂದೆ. ಗೋಡೆ ಕಡೆ ಹೊರಳಿದಳು.

ನವೆಂಬರ್ 15, ಶನಿವಾರ

ಇವತ್ತು ಮಗಳಿಗೆ ಆರತಿ. ನಾನು ಡ್ಯೂಟಿಯಲ್ಲಿ. ರಜೆಯೆಲ್ಲ ತಮ್ಮನ ಮದುವೆಗೆ ಖರ್ಚಾಗಿತ್ತು. ಕೇಳಿದ್ದರೆ ಕೊಡುತ್ತಿದ್ದರೇನೋ... ಕೇಳಲಿಲ್ಲ. ಅವಳ ಮುಖ ನೋಡಲು ಅಂಜಿಕೆ. ಡ್ಯೂಟಿ ಒಳ್ಳೆಯ ನೆಪವಾಯಿತು.

ಶೀತಲ್ ಅಪ್ಪ ಫೋಟೋ ಕಳಿಸಿದರು. ಹಸಿರು ಇಳಕಲ್ ಸೀರೆ, ಮುಡಿ ತುಂಬ ಮಲ್ಲಿಗೆ, ಉಡಿಯಲ್ಲಿ ಕೊಬ್ಬರಿ, ಉತ್ತತ್ತಿ. ಎಷ್ಟು ಚೆಂದ ನನ್ನ ಮಗಳು! ಬಸ್ಸಿನಲ್ಲೇ ಕುಳಿತು ಅದನ್ನೇ ವಾಟ್ಸಾಪ್ ಸ್ಟೇಟಸ್ ಹಾಕಿದೆ — "ಮಗಳು ದೊಡ್ಡವಳಾದಳು. ಆರತಿ ಎತ್ತಿದ ಸಂಭ್ರಮ." ತಾಯಿಯೇ ಇರಲಿಲ್ಲ ಎಂದು ದೂರದ ನೆಂಟರು, ಬೀಗರು ಆಡಿಕೊಳ್ಳಬಾರದಲ್ಲ. ಹೂವು, ಮುಗಿದ ಕೈಯ ಚಿತ್ರಗಳು ಒಂದರ ಹಿಂದೊಂದು ಬಂದವು. ಮನಸ್ಸು ಸ್ವಲ್ಪ ಹಗುರಾಯಿತು.

ನವೆಂಬರ್ 17, ಸೋಮವಾರ

ಶಾಲೆಗೆ ಹೋದವಳು ಅಳುತ್ತ ತಿರುಗಿ ಬಂದಿದ್ದಾಳೆ. ಕ್ಲಾಸಿನ ಹುಡುಗರು ಊಟದ ಡಬ್ಬಿಯ ಮುಚ್ಚಳ ಹಿಡಿದು ಅವಳಿಗೆ ಆರತಿ ಎತ್ತಿದರಂತೆ.

ಆ ಹುಡುಗರ ತಾಯಂದಿರ ನಂಬರೆಲ್ಲ ನನ್ನ ಹತ್ತಿರ ಇವೆ, ನನ್ನದು ಅವರ ಹತ್ತಿರ. ಹೋಂವರ್ಕ್ ಬರುವುದೂ ಆ ಫೋನುಗಳಿಗೇ, ಸಂಜೆಯಾದರೆ ಅವು ಹುಡುಗರ ಕೈಯಲ್ಲೇ. ಬೀಗರು ನೋಡಲೆಂದು ಹಾಕಿದವಳಿಗೆ ಇದು ಹೊಳೆಯಲೇ ಇಲ್ಲ. ಬುದ್ಧಿಗೆ ಮಂಕು ಕವಿದಿತ್ತು.

"ತಪ್ಪಾತವ್ವಾ. ಫೋಟೋ ಹಾಕಬಾರದಿತ್ತು."

"ಫೋಟೋ ಹೋಗ್ಲಿ ಮಮ್ಮಿ. ಆರತಿ ಎತ್ತಿದಾಕಿ ಅಜ್ಜಿ. ನೀ ಎಲ್ಲಿದ್ದಿ? ಅವತ್ತ ನಾ ಫೋನ್ ಹಚ್ಚಿದಾಗರ ಎಲ್ಲಿದ್ದಿ?"

ಬಸ್ಸಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಇವತ್ತು ಅವಳ ಚೀಲ ಎತ್ತಿ ಗೂಟಕ್ಕೆ ಸಿಗಿಸುತ್ತ ನಿಂತೆ.

"ಇನ್ನ ನಿನಗ ಹಚ್ಚಂಗಿಲ್ಲ ಬಿಡು," ಎಂದಳು.

ನವೆಂಬರ್ 22

ಹಚ್ಚಿಲ್ಲ. ಚಾರ್ಜರ್‌ಗೂ ಇಲ್ಲ.

ಶಾಲೆಗೂ ಹೋಗಿಲ್ಲ. ನಿನ್ನೆ ಟೀಚರ್ ಮನೆಗೆ ಬಂದಿದ್ದರಂತೆ, ಹುಡುಗರಿಗೆ ಬುದ್ಧಿ ಹೇಳಿದ್ದಾರಂತೆ. ನಾನು ಆಗಲೂ ಬಸ್ಸಿನಲ್ಲಿ.

ನವೆಂಬರ್ 26, ಬುಧವಾರ, ಮಧ್ಯಾಹ್ನ — ರಾಮದುರ್ಗ ಸ್ಟ್ಯಾಂಡ್

ಬೆಳಿಗ್ಗೆ ತಾನೇ ಜಡೆ ಹೆಣೆದುಕೊಂಡು ಚೀಲ ಏರಿಸಿದಳು. ಬಾಗಿಲಲ್ಲಿ ಹೇಳಿದೆ: "ಊಟಕ್ಕ ಮನಿಗೆ ಬಂದಾಗ ಹಚ್ಚು. ಬಸ್ ನಿಂದ್ರಿಸಿ ಎತ್ತತೇನಿ."

"ನೋಡೂಣು," ಎಂದಳು. ಅಷ್ಟೇ. ಆದರೂ ಮಾತಾಡಿದಳು.

ಶಾಲೆಯ ಊಟದ ಬಿಡುವು ಮುಗಿಯುತ್ತ ಬಂತು. ಫೋನು ತೊಡೆ ಮೇಲೇ ಇದೆ. ಸುಮ್ಮನಿರಲಾರದೆ ಬರೆಯುತ್ತ ಕುಳಿತಿದ್ದೇನೆ. ಹುಡುಗರು ಮತ್ತೇನಾದರೂ ಅಂದರೋ... ನಾನೇ ಹಚ್ಚಲೇ? ಬೇಡ, ಅವಳೇ ಹಚ್ಚಬೇಕು.

ಬಸ್ಸು ತುಂಬಿದೆ. ಡ್ರೈವರ್ ದುಂಡಪ್ಪಣ್ಣ ಹಾರ್ನ್ ಮೇಲಿಂದ ಕೈ ತೆಗೆಯುತ್ತಿಲ್ಲ. "ಮೀನಕ್ಕಾ, ಟೈಮ್ ಆತು, ಸೀಟಿ ಊದ್ರಿ!"

ಫೋನು. ಶೀತಲ್.

ಊದುವುದಿಲ್ಲ. ಕಾಯಲಿ ಎಲ್ಲರೂ. ಎತ್ತುತ್ತಿದ್ದೇನೆ, ಮೊದಲು ನನ್ನ ಮಗಳು —