ಒಳಕೋಣೆಯ ಮಾವಿನಹಣ್ಣು

ತೀರ್ಥರೂಪ ಸಮಾನರಾದ ಕಾಕಾಗೆ,

ನನ್ನ ಅಕ್ಷರ ಸೊಟ್ಟಗಿವೆ, ಒತ್ತು ದೀರ್ಘಗಳಲ್ಲಿ ತಪ್ಪೂ ಇರಬಹುದು, ಹೊಟ್ಟೆಗೆ ಹಾಕಿಕೋ. ಗಿಳಿಯ ಕಣ್ಣಿಗೆ ಕೂದಲಿನಷ್ಟು ಸಣ್ಣ ಗೆರೆ ಎಳೆಯುವ ಕೈ, ಟಾಕು ಹಿಡಿದರೆ ಯಾಕೆ ಹೀಗೆ ತಡವರಿಸುತ್ತದೋ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು, ಬಿಡಿಸಿದವನು ನೀನು. ಕಾಗದದ ಮೇಲೆ ಮೊದಲು ‘ಸಾಷ್ಟಾಂಗ ನಮಸ್ಕಾರ’ ಎಂದು ಬರೆಯಬೇಕಿತ್ತು. ಬರೆಯಲು ಹೋದೆ, ಆಗಲಿಲ್ಲ. ಯಾಕೆಂದು ಓದುತ್ತ ಹೋದರೆ ನಿನಗೇ ತಿಳಿಯುತ್ತದೆ.

ಹುಕ್ಕೇರಿ ಸಂತೆಯಿಂದ ನಾವಿಬ್ಬರೂ ಖಾಲಿ ಬುಟ್ಟಿ ಹೊತ್ತು ತಿರುಗಿ ಬಂದ ಆ ಸಂಜೆ ನೆನಪಿದೆಯೇ? ಗೋಕಾಕದ ಗೊಂಬೆ ಮಾಡುವವರೆಲ್ಲ ಕೂಡಿ ಸಂಘ ಕಟ್ಟಿದ ಹೊಸತು. ಸಂಘದ ಬಾಗಿಲು ತೆರೆದಿತ್ತು, ಒಳಗೆ ಮ್ಯಾನೇಜರರ ಬೆತ್ತದ ಕುರ್ಚಿ ಕಾಣುತ್ತಿತ್ತು. ಯಾರಿಗೆ ಯಾವ ಕೆಲಸ ಕೊಡಬೇಕು, ಮುಂಬೈಗೆ ಏನು ಹೋಗಬೇಕು, ವ್ಯಾಪಾರಿ ದರ ಮುರಿದು ಕೇಳಿದರೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ, ಎಲ್ಲ ಆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ. ನೀನು ಬುಟ್ಟಿ ಇಳಿಸಿ ನಿಂತೆ.

“ಗಂಗ್ಯಾ, ಆ ಕುರ್ಚ್ಯಾಗ ಒಂದ ದಿನ ನೀ ಕುಂದರಬೇಕು.”

“ನಾನಾ? ನಾಕ ಮಂದಿ ಮುಂದ ನಿಂತ್ರ ನನ್ನ ಬಾಯಾಗ ಮಾತ ಬರಂಗಿಲ್ಲ ಕಾಕಾ.”

“ಮಾತ ನಾ ಕಲಿಸ್ತೇನಿ. ಅದಕಿಂತ ಮೊದಲ ಒಂದ ತಿಳ್ಕೊ. ನಿನ್ನ ಕೈಯಾಗಿನ ಕೆಲಸ ಊರಾಗ ಮತ್ತೊಬ್ಬಂಗ ಬರಬಾರದು. ಗಂಗ್ಯಾ ಇಲ್ಲದ ಸಂಘ ನಡಿಯಂಗಿಲ್ಲ ಅಂತ ಆಗಬೇಕು. ಆವಾಗ ಅವರ ಬಂದು ನಿನ್ನ ಕರಕೊಂಡ ಹೋಗಿ ಕುಂದರಿಸ್ತಾರ.”

ಆ ಮಾತನ್ನು ನಾನು ದೇವರ ಮಾತಿನಂತೆ ಕಟ್ಟಿಕೊಂಡೆ. ನಂಬದೆ ಇರುವುದಕ್ಕೆ ಕಾರಣವಾದರೂ ಏನಿತ್ತು? ಅಪ್ಪ ಹೋದ ಮೇಲೆ ನನಗೆ ಉಣ್ಣಿಸಿ ಬೆಳೆಸಿದವನು ನೀನು.

ಒಳಕೋಣೆಗೆ ನೀನು ನನ್ನನ್ನು ಮೊದಲ ಸಲ ಕರೆದುಕೊಂಡು ಹೋಗಿ ಚಿಲಕ ಹಾಕಿದ ದಿನ ಹೊರಗೆ ಚಿಗವ್ವ ಹುಣಸೆ ಬೀಜದ ಅಂಟು ಅರೆಯುತ್ತಿದ್ದಳು. ಕಟ್ಟಿಗೆಯ ಹಣ್ಣಿಗೆ ಅಂಟು ಹಚ್ಚಿ, ಬಿಳಿ ಬಳಿದು, ಮೇಲೆ ಹಳದಿ ಹಚ್ಚುವುದು ಗೋಕಾಕದಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಮಾವಿನಹಣ್ಣಿನ ಕೆಂಪು ಗಲ್ಲ ಬರೆಯುವಾಗ ಎಲ್ಲರೂ ಕುಂಚ ಹಿಡಿಯುತ್ತಿದ್ದರು, ಅದು ಹಣೆಗೆ ಹಚ್ಚಿದ ಕುಂಕುಮದ ಹಾಗೆ ಬೇರೆಯಾಗಿಯೇ ಕಾಣುತ್ತಿತ್ತು. ನಮ್ಮ ಮನೆಯ ಹಣ್ಣಿನಲ್ಲಿ ಮಾತ್ರ ಹಳದಿ ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಹಳದಿ ಅರ್ಧ ಒಣಗಿದಾಗ ಬಾಯಿಂದ ಬಿಸಿ ಉಸಿರು ಬಿಟ್ಟು, ಅದು ಮೆತ್ತಗಾದ ಗಳಿಗೆಯಲ್ಲೇ ಕೆಂಪು ಅದ್ದಿದ ಅರಿವೆಯ ಉಂಡೆಯನ್ನು ಒತ್ತಬೇಕು. ಇಷ್ಟೇ. ಇದನ್ನು ಯಾರಿಗೂ ತೋರಿಸುವುದಿಲ್ಲವೆಂದು ನೀನು ನನ್ನಿಂದ ದೇವರ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದೆ. ಭಂಡಾರದ ಪುಡಿಯಿಂದ ಅಂಗೈ ಅರಿಷಿಣವಾಗಿತ್ತು. ಅದೇ ಕೈಯಲ್ಲಿ ನಾನು ಮೊದಲ ಹಣ್ಣಿಗೆ ಕೆಂಪು ಒತ್ತಿದೆ.

ಮಾತು ಕಲಿಸುವುದಕ್ಕೆ ನೀನು ಗೊಂಬೆಗಳನ್ನೇ ಸಾಲಾಗಿ ಕೂರಿಸಿದ್ದು ನೆನೆದರೆ ಈಗಲೂ ನಗು ಬರುತ್ತದೆ. ನಡುವೆ ಗಣಪತಿ, ಆತ ಚೇರಮನ್. ಎಡಕ್ಕೆ ಪಟಗಾ ಸುತ್ತಿದ ರೈತ. ಬಲಕ್ಕೆ ಹಸಿರು ಗಿಳಿ.

“ಈ ಗಿಳಿ ಸಾಹೇಬರು ಭಾಳ ಪ್ರಶ್ನೆ ಕೇಳ್ತಾರ. ಇವರ ಕಣ್ಣಾಗ ಕಣ್ಣಿಟ್ಟು ಮಾತಾಡು. ನೆಲಾ ನೋಡಬ್ಯಾಡ.”

“ನಮಸ್ಕಾರ್ರಿ... ನಾ ಗಂಗಾಧರ...”

“ಜೋರ್ಲೆ ಹೇಳಲೇ! ಮೂಡಲಗಿಗೆ ಕೇಳಬೇಕು.”

ಹೊರಗಿನಿಂದ ಚಿಗವ್ವ ಕೂಗಿದಳು: “ಆ ಗಿಳೀನ ನಿನಕಿಂತ ಛಲೋ ಮಾತಾಡತೈತಿ ಬಿಡೋ ಗಂಗ್ಯಾ, ಅದಕ್ಕ ಕುರ್ಚಿ ಕೊಡಸ್ರಿ!”

ನೀನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಆ ನಗು ಸುಳ್ಳಾಗಿತ್ತೇ ಕಾಕಾ? ಆಗ ನಿಜವಾಗಿದ್ದು ಆಮೇಲೆ ಯಾವಾಗಲೋ ಸುಳ್ಳಾಯಿತೇ? ಇದೊಂದನ್ನು ತಿಳಿಯದೆ ನನಗೆ...

ಹಳೆಯ ಮ್ಯಾನೇಜರರು ಕೆಲಸ ಬಿಟ್ಟಾಗ ಸಂಘದ ಐದು ಜನ ಪಂಚರು ಕೂತರು. ಅವರಲ್ಲಿ ನೀನೂ ಒಬ್ಬ. ನಾನು ಒಗೆದ ಅಂಗಿ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ, ಗಿಳಿ ಸಾಹೇಬರಿಗೆ ಹೇಳಿದ ಮಾತುಗಳನ್ನೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಯಾರೂ ನನ್ನನ್ನು ಒಳಗೆ ಕರೆಯಲೇ ಇಲ್ಲ. ನೀನು ಹೊರಬಂದು ನನ್ನ ಹೆಗಲ ಮೇಲೆ ಕೈ ಇಟ್ಟೆ.

“ಮುಲ್ಕಿ ಪಾಸಾದಾವನ ಬೇಕಂತ ತಮ್ಮಾ. ಹುಕ್ಕೇರಿ ಹುಡುಗಗ ಕೊಟ್ರು. ನಾ ಭಾಳ ಬಡದಾಡಿದೆ.”

ಮುಲ್ಕಿ ಎಂದರೆ ಏಳನೆಯ ಇಯತ್ತೆ. ನನ್ನದು ನಾಲ್ಕು. ಮತ್ತೇನು ಕೇಳಲಿ? ನೀನು ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಬಿಸಿ ಮಿರ್ಚಿಭಜಿ ಕೊಡಿಸಿದೆ. ನೀನು ಮಾತ್ರ ಒಂದು ತುಂಡೂ ಬಾಯಿಗೆ ಹಾಕಲಿಲ್ಲ. ನನ್ನ ದುಃಖಕ್ಕೆ ನಿನಗೂ ಅನ್ನ ಸೇರುತ್ತಿಲ್ಲ ಎಂದುಕೊಂಡು ನಾನೇ ನಿನ್ನನ್ನು ಸಮಾಧಾನ ಮಾಡಿದೆ. “ಇರಲಿ ಬಿಡು ಕಾಕಾ, ನನ್ನ ಹಣೇಬರಾ” ಎಂದೆ. ಮರುದಿನದಿಂದ ಇನ್ನೂ ಬೇಗ ಎದ್ದು ಒಳಕೋಣೆ ಸೇರಿದೆ. ಸಾಲೆಯ ಹುಡುಗರು ಪಾಟಿಚೀಲ ಹೊತ್ತು ಹೋಗುವುದನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ. ತಪ್ಪು ನನ್ನ ಓದಿನದು ಎಂದೇ ನಂಬಿ ದಿನ ಕಳೆದೆ.

ನೀನು ಹೋದ ಮೇಲೆ ಮೊದಲ ಸಲ ಘಟಪ್ರಭಾ ಸ್ಟೇಷನ್ನಿಗೆ ಹಣ್ಣಿನ ಡಬ್ಬಿ ಒಯ್ದಾಗ ಇಮಾಮ್‌ಸಾಬ್ ಚಾಚಾ ಜೊತೆಗಿದ್ದ. ನಮಗೆ ಕಟ್ಟಿಗೆಯ ಹಣ್ಣು ಕೆತ್ತಿಕೊಡುವ ಚಾಚಾನೇ, ಅವನೂ ಆ ಐವರಲ್ಲಿ ಒಬ್ಬ. ಗಾಡಿ ತಡವಾಗಿತ್ತು. ಡಬ್ಬಿಗಳ ಪಕ್ಕ ಕೂತು ನಾನು ಸುಮ್ಮನೆ ಅಂದೆ, “ಮುಲ್ಕಿ ಒಂದ ಆಗಿದ್ರ ನಾನೂ ಇವತ್ತ ಮ್ಯಾನೇಜರ್ ಇರತಿದ್ದೆ ಚಾಚಾ.”

ಚಾಚಾ ಬೀಡಿಯನ್ನು ಬಾಯಿಂದ ತೆಗೆದ.

“ಸತ್ತವರ ಮಾತ ಆಡಬಾರದು ಬೇಟಾ. ಆದ್ರ ನಿನ್ನ ಮೋತಿ ನೋಡಿದ್ರ ತಡಿಯಾಕ ಆಗವಲ್ದು. ಮುಲ್ಕಿ ಗಿಲ್ಕಿ ಯಾರೂ ಕೇಳಲಿಲ್ಲೋ. ನಿನ್ನ ಹೆಸರ ಹೇಳಿದಾವ ನಾನ. ಇಬ್ಬರು ಹೂಂ ಅಂದ್ರು. ನಿಮ್ಮ ಕಾಕಾ ಎದ್ದ ನಿಂತ.”

“ನಿಂತು?”

“ಗಂಗ್ಯಾನ್ನ ಕುರ್ಚ್ಯಾಗ ಕುಂದರಿಸಿದ್ರ ಹಣ್ಣ ಯಾರ ಮಾಡಾವ್ರು? ನೀ ಮಾಡ್ತಿಯೇನೋ ಇಮಾಮ್ಯಾ, ಅಂದ. ಖರೇನ ಐತಲಾ, ಯಾರಿಗೆ ಬರತೈತಿ? ಎಲ್ಲಾರೂ ಹುಕ್ಕೇರಿ ಹುಡುಗನ ಹೆಸರಿಗೆ ಕೈ ಎತ್ತಿದ್ರು.”

ಗಾಡಿ ಬಂತು. ಡಬ್ಬಿ ಎತ್ತಬೇಕಾಯಿತು. ಗೋಕಾಕದ ಹಣ್ಣಿಗೆ ಭಾರ ಎಲ್ಲಿಯದು, ಗಾಳಿಯ ಹಾಗೆ ಹಗುರ. ಆದರೂ ಅವತ್ತು ನನ್ನ ಕೈಗೆ ಬರಲಿಲ್ಲ. ಚಾಚಾನೇ ಏರಿಸಿದ.

ಯಾರಾದರೂ ಹೊರಗಿನವರು ಕಾಲು ಹಿಡಿದು ಎಳೆದಿದ್ದರೆ ಬೈದು ಮರೆಯುತ್ತಿದ್ದೆ. ಕೆಲಸ ಯಾರಿಗೂ ಕಲಿಸಬೇಡ ಎಂದವನೂ ನೀನೇ, ಕೆಲಸ ಬೇರೆ ಯಾರಿಗೂ ಬರುವುದಿಲ್ಲವಲ್ಲ ಎಂದು ಅಡ್ಡ ನಿಂತವನೂ ನೀನೇ. ಏಣಿ ಎಂದು ಹೇಳಿ ಕೈಗೆ ಗೂಟ ಕೊಟ್ಟೆಯಲ್ಲ ಕಾಕಾ. ನಾನೇ ಅದನ್ನು ನೆಟ್ಟು, ನಾನೇ ನನ್ನನ್ನು ಕಟ್ಟಿಕೊಂಡೆ. ನಿನ್ನ ಕೈ ನಡುಗಲು ಹತ್ತಿದ್ದು ನನಗೆ ಗೊತ್ತಿತ್ತು. ಚಹಾದ ಬಸಿ ಹಿಡಿದರೆ ಸಪ್ಪಳವಾಗುತ್ತಿತ್ತು. ನಿನ್ನ ಹೆಸರಿನ ಹಣ್ಣೆಲ್ಲ ನಾನೇ ಒತ್ತುತ್ತಿದ್ದೆ. ನಾನು ಎದ್ದು ಹೋದರೆ ಮನೆಯ ಹೆಸರು ಹೋಗುತ್ತದೆ ಎಂಬ ಅಂಜಿಕೆಯೇ? ಹಾಗಿದ್ದರೆ ಒಂದು ಮಾತು ಹೇಳಬಾರದಿತ್ತೇ? “ಗಂಗ್ಯಾ, ನನ್ನ ಸಲುವಾಗಿ ಇಲ್ಲೇ ಇರು” ಎಂದಿದ್ದರೆ ಆ ಕುರ್ಚಿಯ ಕಡೆಗೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ನೀನು ಕೇಳದೆ ತೆಗೆದುಕೊಂಡೆ. ಮೇಲೆ ಭಜಿ ಕೊಡಿಸಿದೆ.

ಈಗ ನೀನು ಕೇಳದ ಸುದ್ದಿ. ಹುಕ್ಕೇರಿಯ ಮ್ಯಾನೇಜರರಿಗೆ ಅವರ ಊರಲ್ಲೇ ಮಾಸ್ತರಿಕೆ ಸಿಕ್ಕಿದೆ, ದೀಪಾವಳಿ ಮುಗಿಸಿ ಹೊರಡುತ್ತಾರೆ. ಪಂಚರು ಮತ್ತೆ ಕೂರುತ್ತಾರೆ. ಚಾಚಾ ಮತ್ತೆ ನನ್ನ ಹೆಸರು ಹೇಳುತ್ತಾನಂತೆ. “ಹೇಳ್ತೇನಿ, ಆದ್ರ ಅದ ಪ್ರಶ್ನೆ ಮತ್ತ ಬರತೈತಿ ನೋಡು. ಹಣ್ಣ ಯಾರ ಮಾಡಾವ್ರು? ಅದಕ್ಕ ಜವಾಬ ತಗೊಂಡ ಬಾ” ಎಂದ. ಈ ಸಲ ನಾನು ಕಟ್ಟೆಯ ಮೇಲೆ ಕೂರುವುದಿಲ್ಲ. ಕರೆಯದಿದ್ದರೂ ಒಳಗೆ ಹೋಗುತ್ತೇನೆ, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ. ಧ್ವನಿ ನಡುಗಿದರೆ ನಡುಗಲಿ.

ಜವಾಬು ಇವತ್ತು ಮುಂಜಾನೆ ಸಿದ್ಧವಾಯಿತು. ಬಣ್ಣದ ಬಟ್ಟಲು, ಅರಿವೆಯ ಉಂಡೆ, ಹಳದಿ ಹಚ್ಚಿದ ಹಣ್ಣು ಎಲ್ಲವನ್ನೂ ಒಳಕೋಣೆಯಿಂದ ಹೊರಗೆ ತಂದು ಜಗಲಿಯ ಮೇಲೆ ಹರವಿದೆ. ಸಂಘದವರನ್ನೆಲ್ಲ ಕರೆದೆ. ಭಂಡಾರದ ಆಣೆ ಮುರಿದೆ ಕಾಕಾ. ಪಾಪ ಬಂದರೆ ಅರ್ಧ ನಿನ್ನ ಪಾಲಿಗೂ ಬರಲಿ.

ಚಾಚಾ ಮೊದಲು ಕೂತ. ಚಹಾ ಆರಿಸುವ ಹಾಗೆ ಉಫ್ ಎಂದು ಊದಿದ.

“ಊದಬ್ಯಾಡ ಚಾಚಾ, ಹಾ ಅಂತ ಉಸರ ಬಿಡು. ಮತ್ತ ಬೀಡಿ ಇಳಸು, ಹಣ್ಣಿಗೆ ವಾಸನಿ ಬಡಿತೈತಿ.”

ಎಲ್ಲರೂ ನಕ್ಕರು. ಅವನು ಒತ್ತಿದ ಕೆಂಪು, ಹಣ್ಣಿಗೆ ಗಾಯವಾದಂತೆ ಕಂಡಿತು. ಅಂಟಿನ ಕೈ ಒರೆಸಿಕೊಂಡು ಚಿಗವ್ವ ಮುಂದೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ. ಹಣ್ಣು ಎತ್ತಿ, ಉಸಿರು ಬಿಟ್ಟು, ಒಂದೇ ಸಲ ಒತ್ತಿ ತಿರುವಿದಳು. ನಾನು ಬೆರಗಾಗಿ ನೋಡಿದೆ.

“ಏನ ನೋಡ್ತಿ? ಇಷ್ಟ ವರ್ಷ ನಿಮ್ಮ ಅರಿವಿ ತೊಳದಾಕಿ ಯಾರು? ಕುಂಚ ಒಂದ ದಿನಾ ಕೆಂಪ ಆಗಲಿಲ್ಲ, ಅರಿವಿ ಅಷ್ಟ ಕೆಂಪ. ಅಷ್ಟೂ ತಿಳಿಯಂಗಿಲ್ಲೇನ ನನಗ?”

ಬಿಸಿಲಿಗೆ ಎಲ್ಲ ಹಣ್ಣು ಸಾಲಾಗಿ ಇಟ್ಟೆವು. ಚಾಚಾ ಎರಡನ್ನು ಎತ್ತಿ ನನ್ನ ಮುಂದೆ ಹಿಡಿದ. “ಒಂದು ನಿಂದು, ಒಂದು ನಿಮ್ಮ ಚಿಗವ್ವಂದು. ನಿಂದ ಯಾವುದು ಹೇಳು.” ತಿರುಗಿಸಿ ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಗೊತ್ತಾಗಲಿಲ್ಲ.

ಅವರೆಲ್ಲ ಹೋದ ಮೇಲೆ ಒಳಕೋಣೆಯ ಬಾಗಿಲಿನ ಚಿಲಕ ಬಿಚ್ಚಿ ಮೊಳೆಯ ಡಬ್ಬಿಗೆ ಹಾಕಿದೆ.